ಆರು ಹೆಲಿಕಾಪ್ಟರಿಗೆ ಒಂದೇ ಪಂಪು

ಶೆಡ್ಡಿನಲ್ಲಿ ಸೇನೆಯ ಆರು ಹೆಲಿಕಾಪ್ಟರುಗಳಿದ್ದವು. ನೆಚ್ಚಬಹುದಾದ ಆಯಿಲ್ ಪಂಪು ಮಾತ್ರ ಒಂದೇ. ಉಳಿದವೆಲ್ಲ ಸವೆದು ಸುಣ್ಣವಾಗಿದ್ದವು. ತಪಾಸಣೆಯ ದಿನ ಯಾವುದರ ಸರದಿಯೋ ಅದಕ್ಕೆ ಆ ಪಂಪನ್ನು ಕೂರಿಸುವುದು, ‘ಹಾರಲು ಯೋಗ್ಯ’ ಎಂದು ಸಹಿ ಜಡಿಯುವುದು, ಮರುದಿನ ಬಿಚ್ಚಿ ಮುಂದಿನದಕ್ಕೆ ಹಾಕುವುದು. ಹೊಸ ಪಂಪು ಬರುವ ತನಕ ಶೆಡ್ಡಿನ ಮಾನ ಉಳಿಯಲೆಂದು ಹಿರಿಯ ಮೆಕ್ಯಾನಿಕ್ ಎಂಟು ವರ್ಷ ಈ ಕೈಚಳಕ ನಡೆಸಿದ್ದ. ಮಾನವಂತೆ, ಮಣ್ಣಂತೆ!

ಆವತ್ತು ಹೊಸ ಪಂಪುಗಳ ಖರೀದಿಗೆ ಕಳಿಸಿದ್ದ ಕಡತ ವಾಪಸು ಬಂತು. ಶೆಡ್ಡಿನ ಸಾಹೇಬರು ಅದನ್ನು ಅವನ ಮುಂದೆ ತಳ್ಳಿದರು. ಮೇಲಿನವರು ಷರಾ ಬರೆದಿದ್ದರು: ‘ಆರೂ ಯೋಗ್ಯವೆಂದು ನಿಮ್ಮ ದಾಖಲೆಗಳೇ ಹೇಳುತ್ತವೆ. ಹಣ ಮಂಜೂರಿಲ್ಲ.’ ಕೆಳಗೆ ಅವನದೇ ಆರು ಸಹಿಗಳ ಜೆರಾಕ್ಸು.

“ನಿಜ ಬರ್ದು ಕಳ್ಸೋಣ ಸಾರ್.”

“ಎಂಟು ವರ್ಷ ಸುಳ್ಳು ಬರ್ದೆ ಅಂತ ಬರೀತೀಯಾ? ನಿನ್ ಜೊತೆ ನನ್ನೂ ಒಳಗೆ ಹಾಕ್ತಾರೆ. ನಾಳೆ ಗಡಿಗೆ ಎರಡು ಹೋಗ್ಬೇಕು. ಒಳ್ಳೆ ಪಂಪು ದೊಡ್ಡ ಸಾಹೇಬ್ರು ಕೂರೋದಕ್ಕೆ ಹಾಕು.”

ಇನ್ನೊಂದನ್ನು ಹಾರಿಸುವವನು ಮೆಕ್ಯಾನಿಕನ ಒಡಹುಟ್ಟಿದ ತಮ್ಮ.

ಅವನು ಶೆಡ್ಡಿನ ಬೆಂಚಿನ ಮೇಲೆ ಬೂಟಿನ ದಾರ ಕಟ್ಟುತ್ತಿದ್ದ. ಅಣ್ಣ ಎಲ್ಲವನ್ನೂ ಹೇಳಿ, “ಜ್ವರ ಅಂತ ಮಲಗಿಬಿಡೋ” ಎಂದ.

“ನಾನು ಮಲಗಿದ್ರೆ ಇನ್ನೊಬ್ಬ ಹೋಗ್ತಾನೆ. ಅವನಿಗೇನು ಅಣ್ಣ ಇಲ್ವಾ?”

“ನಾನು ಸಹಿ ಹಾಕಲ್ಲ.”

“ಹಾಕ್ದಿದ್ರೆ ಹಳೇದೆಲ್ಲ ಹೊರಗೆ ಬರುತ್ತೆ, ಜೈಲಿಗೆ ಬುತ್ತಿ ಹೊರೋನು ನಾನೇ ತಾನೆ? ಹಾಕಣ್ಣ. ಮುದುಕಿ ಆದ್ರೂ ಇಷ್ಟು ದಿನ ಬೀಳಿಸಿಲ್ಲ ಅದು.”

ಮೆಕ್ಯಾನಿಕ್ ಸವೆದ ಪಂಪನ್ನೇ ಎರಡು ಸಲ ಬಿಚ್ಚಿ ತೊಳೆದು ಬಿಗಿಸಿದ. ಆಮೇಲೆ ಸಹಿ ಹಾಕಿದ.

ಮರುದಿನ ತಮ್ಮನ ಹೆಲಿಕಾಪ್ಟರು ಗುಡ್ಡದ ಮಗ್ಗುಲಿಗೆ ಬಿತ್ತು. ಅವನೂ ಸೇರಿ ಒಳಗಿದ್ದ ನಾಲ್ವರೂ ಸುಟ್ಟುಹೋದರು. ಇಪ್ಪತ್ತೇ ದಿನಕ್ಕೆ ಹನ್ನೆರಡು ಹೊಸ ಹೆಲಿಕಾಪ್ಟರುಗಳಿಗೆ ಹಣ ಮಂಜೂರಾಯಿತು. ಎಂಟು ವರ್ಷ ಕಾಗದ ಕೇಳಿದವರಿಗೆ ನಾಲ್ಕು ಹೆಣ ಸಾಕಾಯಿತು. ಮಂತ್ರಿಗಳು ಭಾಷಣದಲ್ಲಿ ಕಣ್ಣೊರೆಸಿಕೊಂಡರಂತೆ. ಒರೆಸಿಕೊಳ್ಳಲಿ, ಕರವಸ್ತ್ರಕ್ಕೇನು ಟೆಂಡರು ಬೇಕೇ?

ವಿಚಾರಣೆಯವರು ಬಂದುಹೋದ ಸಂಜೆ ತಮ್ಮನ ಹೆಂಡತಿ ತನ್ನ ಮನೆಗೆ ಬಂದ ಮೆಕ್ಯಾನಿಕನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

“ಭಾವ, ಪಂಪು ಸವೆದಿದ್ದು ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣಮ್ಮ.”

“ಸಾಹೇಬ್ರಿಗೆ?”

“ಅವರಿಗೂ.”

“ಇವ್ರಿಗೆ?”

“ಅವನಿಗೂ ಹೇಳಿದ್ದೆ.”

ಅವಳು ಬಾಗಿಲ ಚಿಲಕಕ್ಕೆ ಕೈಯಿಟ್ಟಳು.

“ಹಾಗಾದ್ರೆ ಗೊತ್ತಿಲ್ದೆ ಇದ್ದೋಳು ನಾನೊಬ್ಬಳೇ” ಎಂದು ಬಾಗಿಲು ಹಾಕಿಕೊಂಡಳು.