ತಗಡುರಾಯನ ಬರಿಮುಖ

ಮುಖಕ್ಕೆ ಬಣ್ಣ ಹತ್ತಿದರೆ ವಾಸಪ್ಪ ಯಾರಪ್ಪನಿಗೂ ಹೆದರುವವನಲ್ಲ. ಪಟೇಲರ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಅವರ ಎಲೆಪೆಟ್ಟಿಗೆಯಿಂದಲೇ ಅಡಿಕೆ ಎತ್ತಿ ಬಾಯಿಗೆ ಹಾಕಿಕೊಂಡವನು ಅವನು. ಬಣ್ಣ ತೊಳೆದನೋ, ಮುಗಿಯಿತು. ದಾರಿಯಲ್ಲಿ ಕೋಳಿ ಅಡ್ಡ ಬಂದರೂ ತಾನೇ ಪಕ್ಕಕ್ಕೆ ಸರಿದು ನಿಲ್ಲುವ ಪ್ರಾಣಿ. ಹೋಟೆಲಿನವನು ಬೇರೆ ಯಾರನ್ನೋ ಗದರಿದಾಗ ಇವನು ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಬಂದದ್ದೂ ಉಂಟು.

ಹಗಲುವೇಷ ಅವನ ಅಪ್ಪ, ಅಜ್ಜಂದಿರಿಂದ ಬಂದ ಕಸುಬು. ಊರಿಗೆ ಬಂದರೆ ಒಂದು ವಾರ ಬೀಡು. ದಿನವೂ ವೇಷ ಕಟ್ಟಿ ಹಾಡಹಗಲಲ್ಲೇ ಬೀದಿ ಬೀದಿಯಲ್ಲಿ ಆಟ. ಬಣ್ಣ ಹಚ್ಚುವುದನ್ನೂ ತೊಳೆಯುವುದನ್ನೂ ಊರವರು ನೋಡಕೂಡದು. ವೇಷದಲ್ಲಿದ್ದಾಗ ಯಾರ ಮೇಲೂ ಕೈ ಮಾಡಕೂಡದು, ಯಾರ ಮುಂದೆಯೂ ಕೈ ಚಾಚಕೂಡದು. ಕೊನೆಯ ದಿನ ಮಾತ್ರ ಬಣ್ಣವಿಲ್ಲದೆ, ಬರಿಮುಖದಲ್ಲಿ, ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕೊಟ್ಟಷ್ಟು ತೆಗೆದುಕೊಂಡು ಊರು ಬಿಡಬೇಕು. ಇಡೀ ವಾರದಲ್ಲಿ ವಾಸಪ್ಪನಿಗೆ ಜೀವ ಹೋದಂತಾಗುತ್ತಿದ್ದದ್ದು ಆ ಒಂದು ದಿನವೇ.

ಅರವತ್ತೆರಡನೇ ಇಸವಿಯ ಚಳಿಗಾಲದಲ್ಲಿ ಅವನು ಕಾರ್ಗಲ್ಲಿಗೆ ಬಂದ. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ ಅದು. ಹತ್ತಾರು ಕಡೆಯಿಂದ ಕೂಲಿಗೆ ಬಂದವರು ತಗಡು ಹೊದಿಸಿ, ಗೋಣಿಯ ಬಾಗಿಲು ಕಟ್ಟಿ, ಒಂದಕ್ಕೊಂದು ಅಂಟಿಕೊಂಡಂತೆ ಗುಡಿಸಲು ಹಾಕಿಕೊಂಡಿದ್ದರು. ಅದಕ್ಕೆ ತಗಡು ಲೈನು ಎಂದು ಹೆಸರು. ದೊಡ್ಡವರು ಬೆಳಗಾಗುತ್ತಲೇ ಜಲ್ಲಿ ಹೊರಲು ಹೋದರೆ ಲೈನಿನ ರಾಜ್ಯಭಾರವೆಲ್ಲ ಮಕ್ಕಳದ್ದೇ. ಆ ರಾಜ್ಯಕ್ಕೆ ಯಜಮಾನಿ ಗುತ್ಯಮ್ಮ, ವಯಸ್ಸು ಹತ್ತು. ಅವಳ ಸೊಂಟದ ಮೇಲೆ ಹಗಲೆಲ್ಲ ತಮ್ಮ ಹೂವಪ್ಪ ಇರುತ್ತಿದ್ದ. ಎರಡು ವರ್ಷ ತುಂಬಿದರೂ ಕಾಲಲ್ಲಿ ಕಸುವಿಲ್ಲದೆ ನಿಲ್ಲಲಾರದ ಕೂಸು.

ಮೊದಲ ದಿನ ವಾಸಪ್ಪ ದಫೇದಾರನ ವೇಷ ಕಟ್ಟಿದ್ದ. ದಪ್ಪ ಮೀಸೆ, ಮುಖದ ತುಂಬ ಕೆಂಪು. ಗುತ್ಯಮ್ಮ ನೆಟ್ಟಗೆ ಬಂದು ಎದುರು ನಿಂತಳು.

"ದಫೇದಾರ್ರೇ, ಒಂದು ಕಳ್ಳತನದ ದೂರು ಐತೆ."

"ನಾನು ಸುಳ್ಳು ದಫೇದಾರ ಕಣವ್ವ."

"ಗೊತ್ತು. ನಿಜವಾದೋರ ಹತ್ರ ಹೋಗಾಕೆ ಹೆದ್ರಿಕೆ ಆಗ್ತದೆ. ಅದ್ಕೇ ನಿನ್ ಹತ್ರ ಬಂದಿದ್ದು."

ದೂರು ಹಾಲಿನದು. ಲೈನಿನ ಮಕ್ಕಳಿಗೆ ದಿನಕ್ಕೊಂದು ಲೋಟ ಹಾಲು ಸಿಗಲೆಂದು ಸಾಗರದ ಕಡೆಯ ನಾಲ್ಕಾರು ಹೆಂಗಸರು ಒಂದು ಸಂಘ ಕಟ್ಟಿ, ಚೀಲಗಟ್ಟಲೆ ಹಾಲಿನ ಪುಡಿ ತರಿಸುತ್ತಿದ್ದರು. ಪುಡಿ ಕಲಸಿ ಹಂಚುವ ಕೆಲಸ ಶೇಷಪ್ಪನದು. ಕಿತ್ತಳೆ ಅಂಚಿನ ಟವಲು ಹೆಗಲ ಮೇಲಿಲ್ಲದೆ ಅವನನ್ನು ಕಂಡವರೇ ಇಲ್ಲ. ಬೀಡಿಯ ಕಿಡಿ ಬಿದ್ದು ಅದರಲ್ಲಿ ಮೂರು ತೂತು. ಲೋಟ ಒರೆಸುವುದೂ ಅದರಲ್ಲೇ, ಬೆವರು ಒರೆಸುವುದೂ ಅದರಲ್ಲೇ, ಇನ್ನೊಂದು ಲೋಟ ಕೇಳಿದ ಮಕ್ಕಳಿಗೆ ಚಟೀರೆಂದು ಬಾರಿಸುವುದೂ ಅದರಲ್ಲೇ.

ಗುತ್ಯಮ್ಮ ಅವತ್ತಿನ ಹಾಲಿನ ಲೋಟ ಮುಂದೆ ಹಿಡಿದಳು. ಲೋಟದ ತಳ ಕಾಣುತ್ತಿತ್ತು.

"ಚೀಲ ಬರೋದು ಕಂಡಿವ್ನಿ. ಪುಡಿ ಎಲ್ಲಿಗೆ ಹೋಗ್ತದೋ ಕಂಡಿಲ್ಲ. ಡಾಕ್ಟ್ರು ನಮ್ಮ ಹೂವಂಗೆ ಹಾಲು ಕುಡ್ಸಿದ್ರೆ ಕಾಲು ಬತ್ತದೆ ಅಂದಾರೆ. ಇದು ಕುಡ್ದ್ರೆ ಎಂತ ಬತ್ತದೆ?"

"ವೇಷದೋನು ಯಾರಿಗೂ ಹೊಡೆಯಂಗಿಲ್ಲವ್ವ."

"ಹೊಡಿಬ್ಯಾಡ ಮಾರಾಯ. ಸುಮ್ನೆ ದೊಡ್ಡದಾಗಿ ಬಂದು ನಿಂತ್ಕಾ."

ದೊಡ್ಡದಾಗಿ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಮಕ್ಕಳೇ ತೀರ್ಮಾನಿಸಿದರು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಕಿರೀಟವಾಯಿತು, ಬಿಸ್ಕತ್ತಿನ ಡಬ್ಬಗಳು ಎದೆಕವಚವಾದವು. ಖಾಲಿ ಸಿಮೆಂಟು ಗೋಣಿಗೆ ಚಿಂದಿ ತುಂಬಿ ಕೋಲಿಗೆ ಕಟ್ಟಿದರೆ ಗದೆ. ಅದರಿಂದ ಬಡಿದರೆ ಪೆಟ್ಟಿಗಿಂತ ಧೂಳೇ ಹೆಚ್ಚು. ಅಂಥ ಗದೆಗಳನ್ನು ಇಪ್ಪತ್ತು ಮಕ್ಕಳೂ ಒಂದೊಂದು ಮಾಡಿಕೊಂಡರು. ಮರುದಿನ ಹಾಲಿನ ಶೆಡ್ಡಿನ ಮುಂದೆ ಯಾವ ಪುರಾಣದಲ್ಲೂ ಇಲ್ಲದ ಒಬ್ಬ ದೊರೆ ಝಣಝಣ ಸದ್ದು ಮಾಡುತ್ತ ಬಂದು ನಿಂತ.

"ಎಲೈ ತಗಡೂರಿನ ಪ್ರಜೆಗಳಿರಾ! ಬಂದಿರುವವನು ಯಾರೆಂದು ಬಲ್ಲಿರಾ? ಮಳೆಗೆ ಜಗ್ಗದ, ಬಿಸಿಲಿಗೆ ಬಗ್ಗದ ತಗಡುರಾಯ! ತನ್ನಿ ನಮ್ಮ ಪಾಲಿನ ಕ್ಷೀರವನ್ನು!"

ಶೇಷಪ್ಪ ಹಲ್ಲು ಕಿರಿಯುತ್ತ ಒಂದು ಲೋಟ ಕೊಟ್ಟ. ರಾಯ ಲೋಟದೊಳಗೆ ಒಂದು ಕಣ್ಣಿಟ್ಟು ನೋಡಿದ. ಆಮೇಲೆ ಇನ್ನೊಂದು ಕಣ್ಣಿಟ್ಟು ನೋಡಿದ. ಕಿರೀಟ ತೆಗೆದು ಎದೆಗೆ ಒತ್ತಿಕೊಂಡು ಗೋಳೋ ಎಂದು ಅತ್ತ.

"ಅಯ್ಯಯ್ಯೋ! ಹಾಲೆಂಬೋ ಬಡಪಾಯಿ ಈ ನೀರಿನಲ್ಲಿ ಮುಳುಗಿ ಹೋದನಲ್ಲಾ! ಸೇನೆಯೇ, ಹುಡುಕಿ!"

ಇಪ್ಪತ್ತು ಮಕ್ಕಳೂ ತಮ್ಮ ತಮ್ಮ ಲೋಟಗಳಲ್ಲಿ ಮೂಗು ಅದ್ದಿ ಹುಡುಕತೊಡಗಿದರು. ನೀರಿಗೆ ಬಂದಿದ್ದ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಎದ್ದು ಬಂದು ನಕ್ಕರು. ಶೇಷಪ್ಪನೂ ನಕ್ಕ, ಪಾಪ, ನಗದೆ ಏನು ಮಾಡಿಯಾನು?

ಮರುದಿನ ರಾಯ ಬರುವ ಹೊತ್ತಿಗೆ ಶೆಡ್ಡಿನ ಮುಂದೆ ನೂರು ಜನ ಕಾಯುತ್ತಿದ್ದರು. ನೂರು ಜನರ ಕಣ್ಣೆದುರು ಪುಡಿ ಅಳೆದು ಹಾಕಬೇಕಾಯಿತು. ಹಾಲು ಬೆಳ್ಳಗಾಯಿತು. ಬೇರೆ ವೇಷ ಕಟ್ಟಲು ಮಕ್ಕಳು ಬಿಡಲೇ ಇಲ್ಲ. ಅದರ ಮರುದಿನವೂ ತಗಡುರಾಯ, ಆಚೆ ದಿನವೂ ತಗಡುರಾಯ. ದಿನವೂ ಹೂವಪ್ಪ ತನ್ನ ಲೋಟವನ್ನು ರಾಯನತ್ತ ಚಾಚುವನು. ರಾಯ ಒಂದೇ ಒಂದು ಗುಟುಕು ಪರೀಕ್ಷಿಸಿ "ಭಲಾ!" ಎಂದ ಮೇಲೆಯೇ ಕೂಸು ಬಾಯಿಗಿಡುವುದು. ಆರನೆಯ ದಿನ ಕೂಸಿನ ಮೂಗಿನ ಕೆಳಗೆ ದಪ್ಪನೆಯ ಬಿಳಿ ಮೀಸೆ ಮೂಡಿದ್ದು ಕಂಡು ವಾಸಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಮುಂದಿನ ಮಾತೇ ಮರೆತುಹೋಯಿತು.

ಶೇಷಪ್ಪ ಅವತ್ತು ಬೆಲ್ಲದಂಥ ದನಿಯಲ್ಲಿ ಗುತ್ಯಮ್ಮನನ್ನು ಕೇಳಿದ. "ನಿಮ್ಮ ರಾಯ ಇನ್ನೆಷ್ಟು ದಿನ ಇರ್ತಾನಮ್ಮಾ?"

"ನಾಳೆ ಕೊನೆ. ವೇಷ ಇಲ್ಲ. ಮನೆಮನೆಗೆ ಬಂದು ಹೋಗ್ತಾನೆ."

"ಅಯ್ಯೋ, ಹೌದಾ," ಎಂದು ಶೇಷಪ್ಪ ಟವಲಿನಿಂದ ಕಣ್ಣೊರೆಸಿಕೊಂಡ.

ಕೊನೆಯ ದಿನ ಬೆಳಿಗ್ಗೆ ವಾಸಪ್ಪ ಕಿರೀಟ, ಕವಚಗಳನ್ನು ಗಂಟು ಕಟ್ಟಿ ಮತ್ತಿಮರದ ಬುಡದಲ್ಲಿಟ್ಟು, ಜೋಳಿಗೆ ಹೆಗಲಿಗೆ ಹಾಕಿ ಹೊರಟ. ಬರಿಮುಖಕ್ಕೆ ಗಾಳಿ ತಾಗಿದರೂ ನಾಚಿಕೆ. ಲೈನಿನ ಮುಂಭಾಗದಲ್ಲಿ ಜನ ಕಾಯುತ್ತಿರುತ್ತಾರೆಂದು ಅಂಜಿ, ಹಿಂದುಗಡೆಯ ದಾರಿ ಹಿಡಿದ. ಅದು ಹಾಲಿನ ಶೆಡ್ಡಿನ ಹಿಂಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು.

"ಏಯ್ ಮುದುಕಾ! ಇಲ್ಲಿ ಬಾ!"

ಬಾಗಿಲಲ್ಲಿ ಶೇಷಪ್ಪ. ಗುರುತು ಸಿಕ್ಕೇಬಿಟ್ಟಿತೆಂದು ವಾಸಪ್ಪ ಜೋಳಿಗೆಯನ್ನು ಎದೆಗವಚಿಕೊಂಡ. ಆದರೆ ಶೇಷಪ್ಪ ಅವನ ಬರಿಮುಖ ನೋಡಿದವನೇ ಅಲ್ಲವಲ್ಲ! ಅವನ ಕಣ್ಣಿಗೆ ಇವನು ಕೆಲಸ ಹುಡುಕಿಕೊಂಡು ಬಂದ ಯಾವನೋ ಕೂಲಿಯವನು.

"ಈ ಚೀಲ ಹೊತ್ಕ. ಚರಂಡಿ ಆಚೆ ಲಾರಿ ನಿಂತಿದೆ, ಅದಕ್ಕೆ ಹಾಕು. ಬೇಗ!"

ಒಲ್ಲೆ ಎಂಬ ಮಾತು ಬರಿಮುಖದ ವಾಸಪ್ಪನ ಬಾಯಿಂದ ಹುಟ್ಟಿದಾಗಿನಿಂದ ಬಂದದ್ದಿಲ್ಲ. ತಲೆ ಬಗ್ಗಿಸಿ ನಿಂತ. ಶೇಷಪ್ಪ ಅವಸರದಲ್ಲಿ ತನ್ನ ಹೆಗಲ ಟವಲನ್ನೇ ಸುತ್ತಿ ಸಿಂಬಿ ಮಾಡಿ ಇವನ ತಲೆಯ ಮೇಲಿಟ್ಟು, ಅದರ ಮೇಲೆ ಚೀಲ ಹೇರಿ, ಎರಡನೆಯ ಚೀಲ ಎಳೆಯಲು ಒಳಗೆ ಹೋದ.

ಇಪ್ಪತ್ತು ಹೆಜ್ಜೆ ಹೋದ ಮೇಲೆ ಚೀಲದ ಹೊಲಿಗೆಯಿಂದ ಏನೋ ಉದುರಿ ತುಟಿಯ ಮೇಲೆ ಬಿತ್ತು. ನೆಕ್ಕಿ ನೋಡಿದ. ಹಾಲಿನ ಪುಡಿ!

ಅಲ್ಲಿ ದಾರಿ ಕವಲೊಡೆದಿತ್ತು. ಎಡಕ್ಕೆ ಲಾರಿ, ಬಲಕ್ಕೆ ಲೈನು. ಚೀಲ ಇಳಿಸಿ ಓಡಿಬಿಡಲೇ ಎಂದುಕೊಂಡ. ಹೂವಪ್ಪನ ಬಿಳಿ ಮೀಸೆ ನೆನಪಾಯಿತು. ತನ್ನ ಬಣ್ಣವೆಲ್ಲ ಮರದ ಬುಡದಲ್ಲಿದೆ, ತಲೆಯ ಮೇಲೆ ಕಿರೀಟವಿಲ್ಲ.  ಆದರೂ ಅವನ ಕಾಲುಗಳು ಬಲಕ್ಕೆ ತಿರುಗಿದವು.

ಲೈನಿನ ಮೂಲೆ ತಿರುಗಿದನೋ ಇಲ್ಲವೋ, ಕೂಗು ಎದ್ದಿತು.

"ಕಳ್ಳಾ! ನಮ್ಮ ಹಾಲಿನ ಚೀಲ! ಹಿಡೀರೋ!"

ತಗಡುರಾಯನ ಸೇನೆ! ಐದು ದಿನದಿಂದ ಕಳ್ಳನಿಗಾಗಿ ಹಂಬಲಿಸುತ್ತಿದ್ದ ಸೇನೆಗೆ ಕಡೆಗೂ ಒಬ್ಬ ಸಿಕ್ಕಿದ್ದ. ಇಪ್ಪತ್ತು ಗದೆಗಳು ವಾಸಪ್ಪನ ಬೆನ್ನು, ಸೊಂಟ, ಮೊಣಕಾಲಿನ ಮೇಲೆ ದಬದಬ ಬಿದ್ದವು. ಗುತ್ಯಮ್ಮನ ಗದೆಯೊಳಗೆ ಮಾತ್ರ ಚಿಂದಿಯ ಜೊತೆ ಜಲ್ಲಿಕಲ್ಲೂ ಇತ್ತೆಂಬುದು ಅವನಿಗೆ ಆಗಲೇ ತಿಳಿದದ್ದು. ಧೂಳಿನಲ್ಲಿ ಕೆಮ್ಮುತ್ತ ಅವನು ಚೀಲ ಇಳಿಸಿ ಅಲ್ಲೇ ಕುಕ್ಕರಿಸಿದ. ಸಿಂಬಿ ತಲೆಯ ಮೇಲೇ ಉಳಿಯಿತು.

ರಾಯನನ್ನು ಬೀಳ್ಕೊಡಲು ಸೇರಿದ್ದ ಜನವೆಲ್ಲ ಸುತ್ತುಗಟ್ಟಿತು. ಜನದ ನಡುವೆ ವರದಮ್ಮನೂ ಇದ್ದರು. ವರದಮೂಲದ ತೋಟದ ಮನೆಯವರು, ಹಾಲಿನ ಸಂಘದ ಹಿರಿಯರು, ಮಕ್ಕಳು ಹೇಳುತ್ತಿದ್ದ ರಾಯ ಯಾರೆಂದು ನೋಡಿ ಹೋಗಲು ಬಂದವರು.

"ಅಯ್ಯೋ, ಎಂತ ಆತು?" ಎಂದರು ಗಾಬರಿಯಲ್ಲಿ ಮನೆಮಾತಿನಲ್ಲೇ.

ಹಿಂದಿನಿಂದ ಶೇಷಪ್ಪ ಏದುಸಿರು ಬಿಡುತ್ತ ಓಡಿ ಬಂದ. ಒಂದೇ ನೋಟದಲ್ಲಿ ಅವನಿಗೆ ಎಲ್ಲ ಅರ್ಥವಾಯಿತು. "ಹಿಡ್ಕಳಿ! ಬಿಡಬ್ಯಾಡಿ! ನಾನು ಲೋಟ ತೊಳೀತಾ ಇದ್ದೆ ಅಮ್ಮಾ, ಈ ಕಳ್ಳ ಮುದುಕ ಹಿಂದಿಂದ ನುಗ್ಗಿ ಹೊತ್ಕಂಡು ಓಡಿದ!"

ವರದಮ್ಮ ಬಗ್ಗಿ ಕೇಳಿದರು. "ಯಾರಪ್ಪ ನೀನು?"

ವಾಸಪ್ಪ ಬಾಯಿ ತೆರೆದ. ಜನರನ್ನು ಕಂಡು ಮತ್ತೆ ಮುಚ್ಚಿಕೊಂಡ. ಸುತ್ತ ನೂರು ಮುಖಗಳು. ನಿನ್ನೆ ಚಪ್ಪಾಳೆ ತಟ್ಟಿದ್ದ ಮುಖಗಳೇ, ಇವತ್ತು ಒಂದಕ್ಕೂ ಅವನ ಗುರುತಿಲ್ಲ. ಅಕ್ಕನ ಸೊಂಟದ ಮೇಲೆ ಕೂತ ಹೂವಪ್ಪ ಮಾತ್ರ ಅವನನ್ನೇ ನೋಡುತ್ತಿದ್ದ. ನೋಡಿ ನೋಡಿ, ಏನನ್ನಿಸಿತೋ, ಕೈಯಲ್ಲಿದ್ದ ಖಾಲಿ ಲೋಟವನ್ನು ದಿನದಂತೆಯೇ ಅವನತ್ತ ಚಾಚಿದ.

ವಾಸಪ್ಪ ಎದ್ದು ನಿಂತ. ಅಂಜಿಕೆ ಇನ್ನೂ ಇದ್ದೇ ಇತ್ತು. ಇದ್ದರೆ ಇರಲಿ ಎಂದು ಬಿಟ್ಟ.

"ಎಲೈ ತಗಡೂರಿನ ಪ್ರಜೆಗಳಿರಾ!"

ಗದೆಗಳು ಗಾಳಿಯಲ್ಲೇ ನಿಂತವು.

"ಬಂದಿರುವವನು ಯಾರೆಂದು ಬಲ್ಲಿರಾ? ಹಾಲೆಂಬೋ ಬಡಪಾಯಿ ನೀರಿನಲ್ಲಿ ಮುಳುಗಿರಲಿಲ್ಲ, ಲಾರಿ ಹತ್ತಲು ಹೊರಟಿದ್ದ! ಅವನನ್ನು ಹೊರುವುದಕ್ಕೆ ಈ ಶೇಷಪ್ಪ ಕೂಲಿಗೆ ಹಿಡಿದದ್ದು ಯಾರನ್ನು? ಈ ತಗಡುರಾಯನನ್ನೇ! ನಂಬಿಕೆಯಿಲ್ಲವೇ? ಇಗೋ, ನಮ್ಮ ಇವತ್ತಿನ ಕಿರೀಟ!"

ತಲೆಯ ಮೇಲಿನ ಸಿಂಬಿ ಬಿಚ್ಚಿ ಎತ್ತಿ ಹಿಡಿದ. ಕಿತ್ತಳೆ ಅಂಚು. ಬೀಡಿ ಸುಟ್ಟ ಮೂರು ತೂತು. ನೂರು ಜನರೂ ಟವಲು ನೋಡಿ, ಆಮೇಲೆ ಶೇಷಪ್ಪನ ಹೆಗಲು ನೋಡಿದರು. ಶೇಷಪ್ಪನ ಕೈಯೂ ತಾನಾಗಿ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ರಾಯಾ!" ಎಂದು ಕಿರುಚಿದಳು ಗುತ್ಯಮ್ಮ. ಇಪ್ಪತ್ತು ಗದೆಗಳೂ ಒಟ್ಟಿಗೆ ಶೇಷಪ್ಪನತ್ತ ತಿರುಗಿದವು. ವರದಮ್ಮ ನಡುವೆ ಬಂದು, ಅವನಿಂದ ಶೆಡ್ಡಿನ ಕೀಲಿಕೈ ಇಸಿದುಕೊಂಡು, ನಿಜವಾದ ದಫೇದಾರರಿಗೆ ಹೇಳಿ ಕಳಿಸುವುದರೊಳಗೆ ಸಿಮೆಂಟಿನ ಧೂಳಿನಲ್ಲಿ ಶೇಷಪ್ಪ ಅಡಿಯಿಂದ ಮುಡಿಯವರೆಗೆ ಬೂದಿಬಣ್ಣವಾಗಿದ್ದ. ದಫೇದಾರರು ಬಂದು "ಇಬ್ಬರಲ್ಲಿ ವೇಷದವನು ಯಾರು?" ಎಂದು ಕೇಳಿದರಂತೆ. ಲಾರಿ ಮಾತ್ರ ಗಲಾಟೆ ಕೇಳುತ್ತಲೇ ಹೊರಟುಹೋಗಿತ್ತು.

ಅವತ್ತು ಹಾಲು ಕಲಸಿದವರು ವರದಮ್ಮ. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಎಂದು ಲೈನಿನವರು ಈಗಲೂ ಉಬ್ಬಿಸಿ ಹೇಳುತ್ತಾರೆ.

ವಾಸಪ್ಪ ಮನೆಮನೆಗೆ ಹೋಗಲೇ ಇಲ್ಲ. ಎಲ್ಲರೂ ಅವನಿದ್ದಲ್ಲಿಗೇ ಬಂದು ಜೋಳಿಗೆಗೆ ಅಕ್ಕಿ, ಬೆಲ್ಲ, ಒಣಮೀನು, ಹಳೆಯದೊಂದು ಕಂಬಳಿ ಹಾಕಿದರು. ಕೊನೆಗೆ ಮಕ್ಕಳು ಲೋಟ ಹಿಡಿದು ಸಾಲುಗಟ್ಟಿದರು. ಒಬ್ಬೊಬ್ಬರೂ ಒಂದೊಂದು ಗುಟುಕು ಅವನ ಚೊಂಬಿಗೆ ಹೊಯ್ದರು. ಇಪ್ಪತ್ತು ಗುಟುಕಿಗೆ ಚೊಂಬು ತುಂಬಿತು.

ಇಷ್ಟು ವರ್ಷ ಕೊನೆಯ ದಿನ ಅವನಿಗೆ ಸಿಕ್ಕಿದ್ದೆಲ್ಲ ಹಿಂದಿನ ದಿನಗಳ ವೇಷಕ್ಕೆ ಸಿಕ್ಕಿದ್ದು. ಈ ಹಾಲು ಈ ಮುಖಕ್ಕೇ ಬಂದದ್ದು. ವಾಸಪ್ಪನಿಗೆ ಅಳು ಬಂತು, ಸಂತೋಷಕ್ಕೇ ಬಂತು. ಅಳುತ್ತಲೇ ಚೊಂಬು ಎತ್ತಿ ಗಟಗಟ ಕುಡಿದ. ಹೂವಪ್ಪ "ಬಲಾ!" ಎಂದ. ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು.

"ನಾ ಹೊಡ್ದಿದ್ದು ಇನ್ನೂ ನೋಯ್ತದಾ ಅಜ್ಜ?" ಗುತ್ಯಮ್ಮ ನೆಲ ನೋಡುತ್ತ ಕೇಳಿದಳು.

"ನೋಯ್ತದೆ ಕಣವ್ವ. ಗದೆ ಒಳಗೆ ಕಲ್ಲು ಇಟ್ಟೋಳು ನೀನೊಬ್ಳೇ." ಮರದ ಬುಡದ ಗಂಟು ತರಿಸಿ, ಕಿರೀಟ ತೆಗೆದು ಅವಳ ತಲೆಗಿಟ್ಟ. ಅದು ಕಿವಿಯವರೆಗೆ ಇಳಿಯಿತು. "ದಿನಾ ಲೋಟ ನೋಡು. ತಳ ಕಂಡ್ರೆ ಗೋಳೋ ಅಂತ ಅಳು. ಜನ ತಾನಾಗೇ ಬತ್ತಾರೆ."

"ಮೀಸೆ ಒರ್ಸ್ಕ ಅಜ್ಜ, ಹಾಲು ಮೆತ್ತೈತೆ."

"ಇರ್ಲಿ ಬಿಡು," ಎಂದ.

ಜೋಳಿಗೆ ಹೆಗಲಿಗೇರಿಸಿ, ಆ ಬಿಳಿ ಮೀಸೆಯಲ್ಲೇ ಅವನು ಲೈನಿನ ನಡುವಿನ ದಾರಿ ಹಿಡಿದು ಸಾಗರದ ರಸ್ತೆಗೆ ನಡೆದ. ಕೊನೆಯ ಗುಡಿಸಲಿನ ಹತ್ತಿರ ಒಂದು ಹುಂಜ ದಾರಿಗೆ ಅಡ್ಡ ನಿಂತಿತ್ತು. ವಾಸಪ್ಪನೂ ನಿಂತ. ಇಬ್ಬರೂ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಂಡರು. ಆಮೇಲೆ ಹುಂಜವೇ ಪಕ್ಕಕ್ಕೆ ಸರಿಯಿತು.