ಮುಂದಿನ ಚಕ್ರ ಅಣ್ಣನದು

ಅಪ್ಪ ತೀರಿಕೊಂಡಾಗ ಬಿಟ್ಟುಹೋದದ್ದು ಒಂದು ಮನೆ, ಒಂದು ಸೈಕಲ್ಲು. ಮನೆ ಹಂಚಿಕೊಳ್ಳುವಾಗ ಅಣ್ಣತಮ್ಮಂದಿರ ನಡುವೆ ಒಂದು ಗಟ್ಟಿ ಮಾತೂ ಬರಲಿಲ್ಲ. ನಡುಮನೆಗೆ ಅಡ್ಡವಾಗಿ ಗೋಡೆ ಎದ್ದಿತು, ಆಚೆ ಅಣ್ಣ, ಈಚೆ ತಮ್ಮ, ಮುಗಿಯಿತು. ಜಗಳ ಬಂದದ್ದು ಸೈಕಲ್ಲಿಗೆ. ಅದೂ ನನಗೆ ಬೇಕು, ನನಗೆ ಬೇಕು ಎಂದಲ್ಲ. ಹಾಗೆ ಕಿತ್ತಾಡುವವರನ್ನು ಲೋಕ ಬೇಕಾದಷ್ಟು ಕಂಡಿದೆ, ಅದಕ್ಕೆ ಮದ್ದೂ ಉಂಟು. ಇವರು ಕಿತ್ತಾಡಿದ್ದು ನಿನಗೇ ಇರಲಿ ಎಂದು.

ನೀನು ದೊಡ್ಡವನು, ನೀನೇ ಇಟ್ಟುಕೋ ಎಂದ ತಮ್ಮ. ಅಪ್ಪ ಹೆಚ್ಚು ಕೂರಿಸಿಕೊಂಡು ತಿರುಗಿದ್ದು ನಿನ್ನನ್ನೇ, ನೀನೇ ಇಟ್ಟುಕೋ ಎಂದ ಅಣ್ಣ. ಬೆಳಿಗ್ಗೆ ಪ್ರೀತಿಯಲ್ಲಿ ಶುರುವಾದ ಈ ಮಾತು ಮಧ್ಯಾಹ್ನದ ಹೊತ್ತಿಗೆ ಕಾವೇರಿತು. ನಾನೇನು ನಿನ್ನ ಭಿಕ್ಷೆಗೆ ಕಾದು ಕೂತಿದ್ದೀನಾ ಎಂದು ಒಬ್ಬ, ಮನಸಾರೆ ಕೊಟ್ಟದ್ದು ನಿನಗೆ ಕಸವಾಯಿತಾ ಎಂದು ಇನ್ನೊಬ್ಬ. ಕೊನೆಗೆ ಒಬ್ಬರ ಕಾಲರಿಗೆ ಒಬ್ಬರ ಕೈ ಹೋಯಿತು. ಪಾಲು ಮಾಡಿಸಲು ಬಂದಿದ್ದ ಸೋದರಮಾವನಿಗೆ ಹೊಟ್ಟೆ ಹಸಿದಿತ್ತು. ಹಸಿದವನಿಗೆ ನ್ಯಾಯ ಬೇಗ ಹೊಳೆಯುತ್ತದೆ. ಸ್ಪ್ಯಾನರು ತರಿಸಿ ಸೈಕಲ್ಲನ್ನು ಎರಡು ಮಾಡಿದ. ಮುಂದಿನ ಚಕ್ರ, ಹ್ಯಾಂಡಲ್ಲು, ಬೆಲ್ಲು ಅಣ್ಣನಿಗೆ. ಹಿಂದಿನ ಚಕ್ರ, ಅಡ್ಡಪಟ್ಟಿ, ಸೀಟು, ಪೆಡಲು, ಚೈನು ತಮ್ಮನಿಗೆ. ಊಟಕ್ಕೆ ಕೂತಾಗಲೂ ಇಬ್ಬರೂ ಗೊಣಗುತ್ತಿದ್ದರು. ಮಾವ ರೇಗಿ, ಇನ್ನು ಯಾರು ಮೊದಲು ಬಾಯಿ ಬಿಡ್ತೀರೋ ತಪ್ಪು ಅವರದೇ ಎಂದುಬಿಟ್ಟ.

ಮಾವ ಹೇಳಿದ್ದು ಊಟ ಮುಗಿಯುವ ತನಕ. ಇವರು ಹಿಡಿದದ್ದು ಆಯುಸ್ಸು ಮುಗಿಯುವ ತನಕ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಇವರು ದಾಯಾದಿಗಳೂ ಆಗಲಿಲ್ಲ, ದಾಯಾದಿಗಳಾದರೂ ಬೈದಾಡಿಕೊಳ್ಳುತ್ತಾರೆ.

ತಮ್ಮ ದರ್ಜಿ. ಗೋಡೆಗೆ ಒತ್ತಿ ಅವನ ಹೊಲಿಗೆ ಯಂತ್ರ. ಅಣ್ಣ ರಸ್ತೆ ಕೆಲಸದ ರೋಡ್ ರೋಲರ್ ಓಡಿಸುವವನು. ಗೋಡೆಯಾಚೆ ಅಣ್ಣ ಕೆಮ್ಮಿದರೆ ಅದು ಧೂಳಿನ ಕೆಮ್ಮೋ ನೆಗಡಿಯ ಕೆಮ್ಮೋ ಎಂದು ತಮ್ಮನಿಗೆ ತಿಳಿಯುತ್ತಿತ್ತು. ನೆಗಡಿಯದಾದರೆ ಅವತ್ತು ಅವನ ಹೊಲಿಗೆ ಸೊಟ್ಟಗಾಗುತ್ತಿತ್ತು. ಮಾತಾಡಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು. ಆದರೆ ಬಾಯಿ ಬಿಟ್ಟರೆ ಅಂದು ಸೈಕಲ್ಲು ನಿನಗೇ ಇರಲಿ ಎಂದದ್ದೇ ತಪ್ಪು ಎಂದು ಒಪ್ಪಿಕೊಂಡಂತೆ. ಪ್ರೀತಿ ತೋರಿಸಿದ್ದಕ್ಕೆ ತಪ್ಪೊಪ್ಪಿಕೊಳ್ಳುವುದು ಹೇಗೆ? ಹೀಗೆ ಒಂಬತ್ತು ವರ್ಷ ತುಟಿ ಹೊಲಿದುಕೊಂಡು ಕೂತ. ಅದೇ ಅವನ ಅತ್ಯಂತ ಗಟ್ಟಿ ಹೊಲಿಗೆ.

ಆ ವರ್ಷ ಊರಿಗೊಂದು ಹೊಸ ರಸ್ತೆ ಬಂತು. ಅದರ ಉದ್ಘಾಟನೆಗೆ ಸೈಕಲ್ ಪಂದ್ಯ, ಈವರೆಗೆ ಯಾವ ಪಂದ್ಯಕ್ಕೂ ಇಳಿಯದವರಿಗೆ ಮಾತ್ರ ಎಂದು ಡಂಗುರವಾಯಿತು. ಆ ರಸ್ತೆಯನ್ನು ಸಮ ಮಾಡಿದವನು ಅಣ್ಣ. ಅದರ ಮೇಲೆ ಒಮ್ಮೆಯಾದರೂ ಆಮೆಗಿಂತ ಜೋರಾಗಿ ಹೋಗಬೇಕು ಎಂದು ಅವನಿಗೆ ಆಸೆ. ತಮ್ಮನ ಕಥೆ ಬೇರೆ. ಅರ್ಧ ಆಯುಸ್ಸು ತುಳಿದೂ ತುಳಿದೂ ಅವನು ಯಂತ್ರದಿಂದ ಬಾಗಿಲವರೆಗೂ ಬಂದಿರಲಿಲ್ಲ. ಒಬ್ಬರದು ಒಬ್ಬರಿಗೆ ತಿಳಿಯದಂತೆ ಇಬ್ಬರೂ ಹೆಸರು ಕೊಡಲು ಹೋದರು, ತಂತಮ್ಮ ಪಾಲನ್ನು ಹೆಗಲ ಮೇಲೆ ಹೊತ್ತುಕೊಂಡು.

ಪಂದ್ಯದ ಗುಮಾಸ್ತ ಮುಂದಿನ ಪಾಲನ್ನೂ ಹಿಂದಿನ ಪಾಲನ್ನೂ ಅಕ್ಕಪಕ್ಕ ಇಟ್ಟು, ಬಗ್ಗಿ ನೋಡಿ, ಎದ್ದು ನೋಡಿ, ಇದು ಒಂದೇ ಸೈಕಲ್ಲು, ನಂಬರೂ ಒಂದೇ ಎಂದು ತೀರ್ಪು ಕೊಟ್ಟ. ಒಂದು ಸೈಕಲ್ಲಿಗೆ ಇಬ್ಬರು ಕೂರಬಹುದೇ ಎಂದು ಸಾಲಿನಲ್ಲಿದ್ದ ಯಾರೋ ಕೇಳಿದರು. ಕೂರಬಾರದು ಎಂದು ನಿಯಮದಲ್ಲಿ ಇಲ್ಲ ಎಂದ ಗುಮಾಸ್ತ. ನಿಯಮ ಬರೆದವನಿಗೆ ಇಂಥ ಅಣ್ಣತಮ್ಮಂದಿರು ಹುಟ್ಟಿದ್ದಾರೆಂದು ಹೇಗೆ ಗೊತ್ತಿರಬೇಕು?

ಮತ್ತೆ ಮಾವನಿಗೆ ಕರೆ ಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಮಾವ ಒಂದು ಷರತ್ತಿನ ಮೇಲೆ ಒಪ್ಪಿದ. ಎರಡು ಪಾಲನ್ನೂ ಜೋಡಿಸುವುದು ಪಂದ್ಯದ ಮಟ್ಟಿಗೆ. ಕೊನೆಯ ಗೆರೆ ದಾಟಿದ ಗಳಿಗೆಯೇ ಅಲ್ಲೇ ಬಿಚ್ಚಿ, ಅವರವರ ಪಾಲು ಅವರವರಿಗೆ. ಅದಕ್ಕಾಗಿ ಸ್ಪ್ಯಾನರು ಹಿಡಿದು ತಾನೇ ಗೆರೆಯ ಬಳಿ ನಿಲ್ಲುವುದಾಗಿಯೂ ಹೇಳಿದ. ಅಣ್ಣನೂ ತಮ್ಮನೂ ತಲೆಯಾಡಿಸಿದರು. ಆದರೆ ಪಾಲುಗಳು ಕೂಡಿದ್ದನ್ನು ನೋಡಿ ತಮ್ಮ ಸೀಟನ್ನು ಒಮ್ಮೆ ಸವರಿದ. ಸೈಕಲ್ಲು ಅಷ್ಟು ಚೆನ್ನಾಗಿದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ತಯಾರಿ ಶುರುವಾಯಿತು. ಮೊದಲ ತೊಡಕು ಕೂರುವುದರಲ್ಲೇ. ಹ್ಯಾಂಡಲ್ಲು ಅಣ್ಣನದು, ಆದ್ದರಿಂದ ಅವನು ಮುಂದೆ ಅಡ್ಡಪಟ್ಟಿಯ ಮೇಲೆ ಕೂತು ತಿರುಗಿಸಬೇಕು. ಆದರೆ ಅಡ್ಡಪಟ್ಟಿ ತಮ್ಮನ ಪಾಲಿನದು. ಕೇಳದೆ ಕೂರುವಂತಿಲ್ಲ, ಕೇಳಿದರೆ ಬಾಯಿ ಬಿಟ್ಟಂತೆ. ಅಣ್ಣ ತನ್ನ ಹಾಸಿಗೆಯ ದಿಂಬು ತಂದು ಅಡ್ಡಪಟ್ಟಿಗೆ ಕಟ್ಟಿ ಅದರ ಮೇಲೆ ಕೂತ. ಈಗ ಅವನು ಕೂತದ್ದು ತನ್ನ ಸ್ವಂತ ದಿಂಬಿನ ಮೇಲೆ.

ಎರಡನೆಯ ತೊಡಕು ಮಾತು. ಅದನ್ನು ಹೆಂಡಂದಿರು ವಹಿಸಿಕೊಂಡರು. ಓರಗಿತ್ತಿಯರು ಮೊದಲಿನಿಂದಲೂ ಗೋಡೆಯ ಮೇಲಿಂದ ಬೇಕಾದಷ್ಟು ಮಾತಾಡುತ್ತಿದ್ದವರೇ. ಎಡಬದಿಗೆ ಅತ್ತಿಗೆ ಓಡುವುದು, ಬಲಬದಿಗೆ ತಮ್ಮನ ಹೆಂಡತಿ. ಅಣ್ಣ ತನ್ನ ಹೆಂಡತಿಗೆ ಹೇಳಬೇಕು, ಅವಳು ಓರಗಿತ್ತಿಗೆ, ಓರಗಿತ್ತಿ ತನ್ನ ಗಂಡನಿಗೆ. ಅತ್ತಿಗೆ ನೇರವಾಗಿ ಮೈದುನನಿಗೇ ಹೇಳಬಹುದಿತ್ತು. ಆದರೆ ಅವರವರ ಗಂಡಂದಿರ ಜವಾಬ್ದಾರಿ ಅವರವರದು ಎಂದು ಮೊದಲೇ ಮಾತಾಗಿತ್ತು. ಹೀಗಾಗಿ, ಮುಂದೆ ಗುಂಡಿ ಇದೆಯಂತೆ ಎಂಬ ಸುದ್ದಿ ತಮ್ಮನಿಗೆ ಮುಟ್ಟುವಾಗ ಅವನು ಗುಂಡಿಯಲ್ಲಿ ಕೂತಿದ್ದ. ಯಾವ ಗುಂಡಿ ಅಂತ ಕೇಳು ಎಂದು ಅಲ್ಲಿಂದಲೇ ವಾಪಸು ಹೇಳಿ ಕಳಿಸಿದ.

ಇನ್ನು ಸವಾರಿಯ ಚೆಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಅಣ್ಣನಿಗೆ ರೋಲರಿನ ಅಭ್ಯಾಸ. ಎದುರಿಗೆ ಏನು ಬಂದರೂ ಅದೇ ಪಕ್ಕಕ್ಕೆ ಸರಿಯಬೇಕು ಎಂದು ನೆಟ್ಟಗೆ ಹೋಗುತ್ತಿದ್ದ. ಜನ ಸರಿದರು, ನಾಯಿ ಸರಿಯಿತು, ವಿದ್ಯುತ್ ಕಂಬ ಸರಿಯಲಿಲ್ಲ. ತಮ್ಮನದು ದರ್ಜಿಯ ತುಳಿತ. ಅಂಗಿಯ ಒಂದು ತೋಳು ಮುಗಿಯುವಷ್ಟು ಹೊತ್ತು ಜೋರಾಗಿ ತುಳಿದು, ದಾರ ಕತ್ತರಿಸುವವನ ಹಾಗೆ ಥಟ್ಟನೆ ನಿಲ್ಲಿಸಿಬಿಡುತ್ತಿದ್ದ. ಓಡಿ ಓಡಿ ಹೆಂಡಂದಿರ ಕಾಲು ಬಾತುಕೊಂಡಿತು. ಪಂದ್ಯದ ದಿನ ನಾವಂತೂ ಓಡುವುದಿಲ್ಲ ಎಂದು ಇಬ್ಬರೂ ರಸ್ತೆಯ ಮೇಲೇ ಕೂತುಬಿಟ್ಟರು.

ಆಗ ಬೆಲ್ಲಿನ ಪ್ರಶ್ನೆ ಎದ್ದಿತು. ಬೆಲ್ಲು ಬಾರಿಸಿದರೆ ಬಾಯಿ ಬಿಟ್ಟಂತೆಯೋ ಅಲ್ಲವೋ? ಬೆಲ್ಲಿಗೆ ನಾಲಿಗೆ ಇಲ್ಲ, ಆದ್ದರಿಂದ ಅದು ಮಾತಲ್ಲ ಎಂದ ಮಾವ. ಒಂದು ಸಲ ಬಾರಿಸಿದರೆ ಎಡ, ಎರಡು ಸಲಕ್ಕೆ ಬಲ, ಬಿಡದೆ ಬಾರಿಸಿದರೆ ಗುಂಡಿ ಎಂದು ಗೊತ್ತುಮಾಡಿದರು. ತಮ್ಮನ ಪಾಲಿನಲ್ಲಿ ಬೆಲ್ಲಿರಲಿಲ್ಲ, ಅವನಿಗೆ ಕೆಮ್ಮಲು ಅನುಮತಿ ಸಿಕ್ಕಿತು. ಒಂದು ಕೆಮ್ಮು ಅಂದರೆ ಸುಸ್ತಾಯಿತು, ಎರಡು ಕೆಮ್ಮು ಅಂದರೆ ಚೈನು ಬಿತ್ತು. ಮೂರು ಸಲ ಕೆಮ್ಮಿದರೆ ಅದು ಕೊಂಕು, ಕೊಂಕು ಮಾತಿನ ಲೆಕ್ಕಕ್ಕೇ ಬರುತ್ತದೆ ಎಂದು ಮಾವ ಬೆರಳೆತ್ತಿ ಎಚ್ಚರಿಸಿದ.

ಈ ಪದ್ಧತಿ ಹಿಡಿಯಿತು. ಮುಂಜಾನೆ ಮುಂಜಾನೆ ಅಣ್ಣತಮ್ಮಂದಿರು ಬೆಲ್ಲು ಬಾರಿಸುತ್ತ, ಕೆಮ್ಮುತ್ತ ಊರು ಸುತ್ತಿದರು. ಯಾರಿಗೋ ಕಾಯಿಲೆಯಂತೆ, ಆಸ್ಪತ್ರೆಗೆ ಒಯ್ಯುತ್ತಿದ್ದಾರಂತೆ ಎಂದು ಜನ ದಾರಿ ಬಿಟ್ಟರು. ಕ್ರಮೇಣ ಅಣ್ಣ ಕಂಬಗಳನ್ನು ತಪ್ಪಿಸಲು ಕಲಿತ. ತಮ್ಮ ಉದ್ದನೆಯ ಪರದೆ ಹೊಲಿಯುತ್ತಿದ್ದೇನೆ ಎಂದುಕೊಂಡು ನಿಲ್ಲಿಸದೆ ತುಳಿಯಲು ಕಲಿತ.

ತುಳಿಯುವವನಿಗೆ ದಾರಿ ಕಾಣುತ್ತಿರಲಿಲ್ಲ, ಕಾಣುತ್ತಿದ್ದುದು ಅಣ್ಣನ ಬೆನ್ನು ಒಂದೇ. ಮೊದಲ ದಿನವೇ ತಮ್ಮನ ಕಣ್ಣಿಗೆ ಬಿದ್ದದ್ದು ಅಂಗಿ. ಯಾವನೋ ಹೊಲಿದದ್ದು. ಎಡ ಭುಜ ಇಳಿದಿದೆ, ಕಾಲರು ಒಂದು ಕಡೆ ಎದ್ದು ಕೂತಿದೆ. ಇಷ್ಟು ವರ್ಷ ಅಣ್ಣ ಇಂಥದ್ದನ್ನು ತೊಟ್ಟುಕೊಂಡು ಓಡಾಡಿದನಲ್ಲ, ಗೋಡೆಯ ಈಚೆ ನಾನಿರುವಾಗ, ಎಂದು ಅವನಿಗೆ ದುಃಖವೂ ಬಂತು, ಆ ದರ್ಜಿಯ ಮೇಲೆ ಕೆಟ್ಟ ಕೋಪವೂ ಬಂತು. ಅಳತೆ ಕೇಳುವಂತಿಲ್ಲ. ದಿನಾ ತುಳಿಯುತ್ತಲೇ ಕಣ್ಣಿನಲ್ಲಿ ಅಳೆದ. ಅವನ ನೆನಪಿನಲ್ಲಿದ್ದ ಅಗಲವಾದ ಭುಜ ಅಲ್ಲಿರಲಿಲ್ಲ, ಅಣ್ಣ ಇಳಿದುಹೋಗಿದ್ದ. ಅದನ್ನು ಅಳೆದ ದಿನ ಬಟ್ಟೆಗೆ ಕತ್ತರಿ ಹಾಕಲು ಅವನಿಗೆ ಮನಸ್ಸೇ ಬರಲಿಲ್ಲ.

ಆದರೂ ಹೊಲಿದ. ಹೆಂಡತಿಯ ಕೈಯಲ್ಲಿ ಗೋಡೆಯಾಚೆ ಕಳಿಸಿದ. ಪಂದ್ಯದ ಬೆಳಿಗ್ಗೆ ಅಣ್ಣ ಅದೇ ಅಂಗಿ ತೊಟ್ಟು ಬಂದ. ಒಳ್ಳೆಯದಾಗಿದೆ ಎನ್ನಲಿಲ್ಲ, ಅನ್ನುವಂತೆಯೂ ಇರಲಿಲ್ಲ. ದಿಂಬಿನ ಮೇಲೆ ಕೂರುವ ಮೊದಲು, ಸುಕ್ಕಾಗದಿರಲಿ ಎಂದು, ಹಿಂಭಾಗವನ್ನು ಎರಡೂ ಕೈಯಿಂದ ಜಾಗ್ರತೆಯಾಗಿ ಎಳೆದುಕೊಂಡ. ತಮ್ಮನಿಗೆ ಅಷ್ಟು ಸಾಕಾಯಿತು.

ಪಂದ್ಯದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಮಿಕ್ಕವರೆಲ್ಲ ಬಾಣದಂತೆ ಹೋದರು, ಇವರು ಬೆಲ್ಲು ಬಾರಿಸುತ್ತ ಹೊರಟರು. ಅರ್ಧ ದಾರಿಯಲ್ಲಿ ಒಬ್ಬ ಉಸಿರು ಹತ್ತಿ ಮರದ ಕೆಳಗೆ ಕೂತಿದ್ದ, ಇನ್ನೊಬ್ಬನ ಚಕ್ರ ಪಂಕ್ಚರಾಗಿತ್ತು. ಅವರಿಬ್ಬರನ್ನು ಹಿಂದೆ ಹಾಕಿದಾಗ ತಮ್ಮ ಸಂತೋಷ ತಡೆಯಲಾಗದೆ ಮೂರು ಸಲ ಕೆಮ್ಮಿಬಿಟ್ಟ. ಅಣ್ಣ ಕೇಳಿಸದವನಂತೆ ಮುಂದೆ ನೋಡುತ್ತಿದ್ದ. ಆದರೆ ಬೆನ್ನು ಕುಲುಕಿತು. ನಗುವಾಗ ಅಣ್ಣನ ಬೆನ್ನು ಕುಲುಕುತ್ತದೆ, ಅದು ತಮ್ಮನಿಗೆ ಚಿಕ್ಕಂದಿನಿಂದ ಗೊತ್ತು.

ಆಮೇಲೆ ಭಯ ಶುರುವಾಯಿತು. ಗೆರೆ ಹತ್ತಿರ ಬರುತ್ತಿದೆ ಎಂದು ಚಪ್ಪಾಳೆಯಿಂದಲೇ ತಿಳಿಯಿತು. ಗೆರೆಯಾಚೆ ಮಾವ, ಮಾವನ ಕೈಯಲ್ಲಿ ಸ್ಪ್ಯಾನರು. ಇನ್ನು ಸ್ವಲ್ಪ ಹೊತ್ತಿಗೆ ಮುಂದಿನ ಚಕ್ರ ಗೋಡೆಯಾಚೆ, ಹಿಂದಿನ ಚಕ್ರ ಗೋಡೆಯೀಚೆ. ಈ ಬೆನ್ನು ಮತ್ತೆ ಕಾಣುವುದಿಲ್ಲ, ಗೋಡೆಯಾಚೆಯ ಕೆಮ್ಮು ಮಾತ್ರ ಉಳಿಯುತ್ತದೆ. ತಮ್ಮ ನಿಧಾನವಾಗಿ ತುಳಿಯಲು ನೋಡಿದ. ಆದರೆ ರಸ್ತೆ ಇಳಿಜಾರು, ಅಣ್ಣ ಅಷ್ಟು ನುಣ್ಣಗೆ ಸಮ ಮಾಡಿದ್ದ, ಸೈಕಲ್ಲು ತಾನಾಗಿಯೇ ಓಡಿತು.

ಗೆರೆ ಬಂತು, ಗೆರೆ ಹೋಯಿತು. ಅಣ್ಣ ಬ್ರೇಕು ಹಿಡಿಯಲಿಲ್ಲ. ತಮ್ಮ ತುಳಿಯುವುದನ್ನು ನಿಲ್ಲಿಸಲಿಲ್ಲ. ಮುಗೀತು ಕಣ್ರೋ, ಇಳೀರೋ ಎಂದು ಮಾವ ಸ್ಪ್ಯಾನರು ಎತ್ತಿಕೊಂಡು ಸ್ವಲ್ಪ ದೂರ ಓಡಿ ಬಂದು, ಸೊಂಟ ಹಿಡಿದು ನಿಂತ. ಅವನ ಪಕ್ಕದಲ್ಲಿ ಓರಗಿತ್ತಿಯರು ಬಿದ್ದು ಬಿದ್ದು ನಗುತ್ತಿದ್ದರು. ಚಪ್ಪಾಳೆ ಹಿಂದೆ ಬಿತ್ತು.

ಹೊಸ ರಸ್ತೆ ಮುಗಿಯುವಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಮನೆ ಇಲ್ಲೇ. ಎಡಕ್ಕೆ ಹೋದರೆ ಕೆರೆ ಬಳಸಿ, ಇಟ್ಟಿಗೆಗೂಡುಗಳನ್ನು ದಾಟಿ, ಎಲ್ಲೆಲ್ಲೋ ಸುತ್ತಿ ಸಂಜೆಗೆ ಮನೆ. ಬೆಲ್ಲು ಸುಮ್ಮನಿತ್ತು. ಎಡವೂ ಇಲ್ಲ, ಬಲವೂ ಇಲ್ಲ. ಅಣ್ಣನಿಗೂ ತೋಚುತ್ತಿಲ್ಲವೇನೋ, ಹ್ಯಾಂಡಲ್ಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಇದಕ್ಕೆಲ್ಲ ಕೆಮ್ಮು ಸಾಲದು ಎಂದು ತಮ್ಮನಿಗೆ ಗೊತ್ತಾಯಿತು. ತಪ್ಪು ನನ್ನದೇ ಆಗಲಿ, ಊರೆಲ್ಲ ನನ್ನದೇ ಎನ್ನಲಿ, ಅದನ್ನು ಹೊತ್ತುಕೊಂಡರೆ ಸಾಯುವುದೇನೂ ಇಲ್ಲ ಎಂದುಕೊಂಡ.

"ಅಣ್ಣಾ," ಎಂದ, "ಎಡಕ್ಕೆ ತಿರುಗಿಸು. ಅದು ಸುತ್ತು ದಾರಿ."

ಅಣ್ಣ ತಿರುಗಿ ನೋಡಲಿಲ್ಲ. ಹೊಸ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದ.

"ನಂಗೊತ್ತಿಲ್ವೇನೋ," ಎಂದ. "ನೀನು ತುಳಿ."