ಅವ್ವ ಎಚ್ಚರವಾಗಿದ್ದಾಳೆ

ನಗುತ್ತಿದ್ದಾಳೆ ಅವ್ವ, ತಲೆಬುರುಡೆ ತೆರೆಸಿಕೊಂಡು ಮಲಗಿ ನಗುತ್ತಿದ್ದಾಳೆ, ಗಾಜಿನ ಈಚೆ ನಿಂತ ನನಗೆ ಸ್ಪೀಕರಿನಲ್ಲಿ ಕೇಳುತ್ತಿದೆ, ಮಾನಸ ಏನೋ ತಮಾಷೆ ಮಾಡಿರಬೇಕು — ಮಾನಸಳ ಕೈಯಲ್ಲಿ ಕರೆಂಟಿನ ಕಡ್ಡಿ, ಅದನ್ನು ಮಿದುಳಿಗೆ ಮುಟ್ಟಿಸುತ್ತ ರೋಗಿಯನ್ನು ಮಾತಾಡಿಸಬೇಕು, ಮಾತು ನಿಂತ ಜಾಗವನ್ನು ಕೊಯ್ಯಬಾರದು, ಉಳಿದ ಕಡೆ ಗಡ್ಡೆ ತೆಗೆಯಬಹುದು, ಇದನ್ನು ಅವಳಿಗೆ ಕಲಿಸಿದವನು ನಾನು, ಈಗ ಗುಂಡ್ಲುಪೇಟೆ ಕಡೆಯವರೆಲ್ಲ ನನ್ನನ್ನು ದಾಟಿ ಅವಳನ್ನೇ ಕೇಳಿಕೊಂಡು ಚಾಮರಾಜನಗರಕ್ಕೆ ಬರುತ್ತಾರೆ, ಗುರುವಿಗೇ ತಿರುಮಂತ್ರ, ಹೋಗಲಿ, ರೋಗಿಗಳನ್ನು ಇಟ್ಟುಕೊಳ್ಳಲಿ, ಆದರೆ ಅವ್ವನನ್ನೂ? ಹೆತ್ತವಳ ತಲೆಗೆ ಮಗನೇ ಕತ್ತರಿ ಹಾಕಬಾರದು, ಅದು ನಮ್ಮ ಕಸುಬಿನ ಕಟ್ಟಳೆ, ಮೈಸೂರಿಗೆ ಹೋಗೋಣ ಅವ್ವ, ಅಲ್ಲಿ ನನ್ನ ಸ್ನೇಹಿತರಿದ್ದಾರೆ ಎಂದರೆ ಮುಖ ತಿರುಗಿಸಿಬಿಟ್ಟಳು, ಉಡಿಗಾಲ ಮಾನಸಳ ಊರು, ನಮ್ಮ ಕಡೆಯದೇ, ಆ ಉಡಿಗಾಲದ್ ಮಗೀನೇ ಮಾಡ್ಲಿ ಬುಡು, ಅದು ಮಾತಾಡುದ್ರೆ ನಂಗರ್ತಾಯ್ತದೆ. ನಾನು ಮಾತಾಡಿದರೆ? ಅಂತ ಕೇಳಲಿಲ್ಲ ನಾನು.

ಹೆಸರು ಹೇಳಿಸುವುದಕ್ಕೆ ಚಿತ್ರದ ಕಾರ್ಡುಗಳನ್ನು ತರಿಸಿಟ್ಟಿದ್ದೆ, ಒಂಟೆ, ಹಡಗು, ಪಿಯಾನೊ, ಮಾನಸ ಅವನ್ನು ಪಕ್ಕಕ್ಕಿಟ್ಟು ಭೀಮನಬೀಡಿಗೇ ಹೋಗಿ ಫೋನಿನಲ್ಲಿ ಫೋಟೊ ಹಿಡಿದುಕೊಂಡು ಬಂದಿದ್ದಾಳೆ, ನನ್ನ ಊರಿಗೆ, ನನಗೊಂದು ಮಾತು ಹೇಳದೆ, ಇದೇನವ್ವ, ಒನಕೆ, ಇದು, ಚೆಂಡೂವು ಕಣ್ ಮಗ, ನಮ್ ಬೆಟ್ಟಯ್ಯನ ವಲದ್ದು — ಮಗ! ಹೊಟ್ಟೆ ಉರಿಯುತ್ತದೆ, ಉರಿಯದೆ ಏನು, ಸೋಬಾನೆ ಹೇಳವ್ವ ಎಂದರೆ ಅದನ್ನೂ ಹೇಳುತ್ತಾಳೆ, ನನ್ನ ಮದುವೆಯಲ್ಲಿ ಬೀಗರ ಇಂಗ್ಲಿಷಿಗೆ ಹೆದರಿ ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಕೂತವಳು, ಒಂದೇ ಒಂದು ಸೊಲ್ಲು ಹಾಡದವಳು, ಇಲ್ಲಿ, ಇವಳಿಗೆ — ಕಡ್ಡಿ ಮುಟ್ಟಿತು, ಇದೇನವ್ವ, ಅದು, ಅದು, ಬಾಯಿ ತೆರೆದಂತೆಯೇ ನಿಂತಿದೆ, ಒಂದು ಕ್ಷಣ, ಥೂ ನನ್ನ ಜನ್ಮಕ್ಕೆ, ಹೀಗೇ ನಿಂತಿರಲಿ ಅನ್ನಿಸಿತು, ಇವಳ ಹತ್ತಿರ ಮಾತಾಡುವುದಾದರೂ ನಿಲ್ಲಲಿ — ಕಡ್ಡಿ ಎತ್ತಿದಳು, ಮೊರ, ಮೊರ ಕಣ್ ಮಗ, ಎಂದಳು ಅವ್ವ.

ಗಡ್ಡೆ ಪೂರ್ತಿ ಬಂತು ಸಾರ್, ಅಮ್ಮನ ಮಾತು ಉಳೀತು, ಮಾನಸಳ ದನಿ, ನಾನು ತಲೆಯಾಡಿಸುತ್ತೇನೆ, ಚೆನ್ನಾಗಿ ಮಾಡಿದ್ದಾಳೆ, ನನಗಿಂತ ಚೆನ್ನಾಗಿ, ಅದೇ ಸುಡುತ್ತಿರುವುದು, ಇನ್ನೊಂದೇ ಒಂದು ಕೇಳ್ತೀನಿ ಅವ್ವ, ಗಾಜಿನ ಕಡೆ ಕೈ ತೋರಿಸುತ್ತಾಳೆ, ಅಲ್ಲಿ ನಿಂತವ್ರಲ್ಲ, ಅವ್ರ್ಯಾರು? ಮಾಸ್ಕು ಇಳಿಸುತ್ತೇನೆ, ಸಿದ್ದ ಅನ್ನು, ಹೊಲದ ಬದುವಿನಿಂದ ಕೂಗುತ್ತಿದ್ದೆಯಲ್ಲ, ಲೋ ಸಿದ್ದ, ಒಂದು ಸಲ ಅನ್ನು, ಅವ್ವ ನೋಡುತ್ತಾಳೆ, ನನ್ನನ್ನೇ ನೋಡುತ್ತಾಳೆ, ಅವ್ರಾ, ಅವ್ರು ದೊಡ್ ಡಾಕ್ಟ್ರು ಕಣ್ ಮಗ — ಇಲ್ಲ, ಕರೆಂಟು ತಾಗಿರಬೇಕು, ಹೆಸರು ಬಾಯಿಗೆ ಬಾರದೆ ಹಾಗಂದಿರಬೇಕು, ತಾಗಿರಲಿ, ದೇವರೇ ತಾಗಿರಲಿ, ಕಡ್ಡಿ ಎಲ್ಲಿ, ಕಡ್ಡಿ ಟ್ರೇಯಲ್ಲಿದೆ, ನನ್ನ ಕಡೆ ಚಾಚಿರುವ ಮಾನಸಳ ಕೈ, ಆ ಕೈಯಲ್ಲಿ ಏನೂ ಇಲ್ಲ, ಏನೂ